ಮೈಸೂರಿನ ಶಾಯಿ, ಮುನ್ನೂರು ಮೊಟ್ಟೆ

ಚಂದ್ರಕಾಂತನಿಗೆ ಬುದ್ಧಿ ಹೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಮಿನಿಸ್ಟ್ರಿಯಲ್ಲಿ ಇಪ್ಪತ್ತೆರಡು ವರ್ಷ ಎದುರುಬದುರು ಮೇಜು, ದಿಲ್ಲಿಯ ರೋಹಿಣಿ ಬಡಾವಣೆಯ ಸೊಸೈಟಿಯಲ್ಲಿ ಹದಿನಾಲ್ಕು ವರ್ಷ ಎದುರುಬದುರು ಬಾಗಿಲು. ಇಷ್ಟು ಹತ್ತಿರದಿಂದ ನೋಡಿದವನಾಗಿ ಹೇಳುತ್ತೇನೆ: ಅವನು ಕೆಟ್ಟವನಲ್ಲ, ದಡ್ಡನೂ ಅಲ್ಲ. "ಇದು ಯಾರಿಂದ ಆಗುತ್ತೆ?" ಎಂದು ಎಲ್ಲಾದರೂ ಒಂದು ಪ್ರಶ್ನೆ ಎದ್ದರೆ, ಅದು ಮುಗಿಯುವ ಮೊದಲೇ ಅವನ ಕೈ ಎದ್ದಿರುತ್ತದೆ. ತೊಂದರೆ ಇರುವುದು ಅಲ್ಲಿ. ಕಳೆದ ನವೆಂಬರಿನಲ್ಲಿ ಆ ಕೈಯ ದೆಸೆಯಿಂದ ಅವನ ಹೆಂಡತಿಯ ಚುನಾವಣೆಯೇ ಮುಳುಗುವುದರಲ್ಲಿತ್ತು.

ಅವನಿಗೆ ಇನ್ನೊಂದು ಚಾಳಿಯೂ ಉಂಟು. ಕೈಗೆ ಬಂದ ಯಾವ ಕಾಗದವನ್ನೂ ಕೆಳಗೆ ಪುಟ್ಟ ಸಹಿ ಮತ್ತು ತಾರೀಖು ಹಾಕದೆ ಮುಂದಕ್ಕೆ ಬಿಡಲಾರ. ಗುಮಾಸ್ತಗಿರಿ ರಕ್ತಕ್ಕೆ ಇಳಿದುಬಿಟ್ಟಿದೆ. ಗ್ಯಾಸ್ ಸಿಲಿಂಡರಿನ ರಸೀದಿ, ಡ್ರೈಕ್ಲೀನಿಂಗ್ ಚೀಟಿ, ಮದುವೆಯ ಕರೆಯೋಲೆ, ಎಲ್ಲದರ ಮೂಲೆಯಲ್ಲೂ ಒಂದು "ಚಂ.ಕಾ.", ಅದರ ಕೆಳಗೆ ಆ ದಿನದ ತಾರೀಖು. ಒಮ್ಮೆ ನಮ್ಮ ಮನೆಯಿಂದ ಹೋಳಿಗೆ ಸುತ್ತಿ ಕಳಿಸಿದ ಪೇಪರು ತಟ್ಟೆಯ ಜೊತೆ ವಾಪಸು ಬಂದಾಗ ಅದರ ಮೇಲೂ ಇತ್ತು.

ಈಗ ಮೀನಿನ ವಿಷಯ. ಎರಡು ವರ್ಷದ ಹಿಂದೆ ಅವನು ಕರೋಲ್ ಬಾಗಿಗೆ ಸ್ವೆಟರ್ ತರಲು ಹೋಗಿ ಆರು ಏಂಜೆಲ್ ಮೀನು ತಂದ. ಗಾಳಿಪಟದ ಹಾಗೆ ಚಪ್ಪಟೆ ಮೈ, ಮೇಲೂ ಕೆಳಗೂ ಉದ್ದ ರೆಕ್ಕೆ, ಮುಖದಲ್ಲಿ ಅಂಡರ್ ಸೆಕ್ರೆಟರಿಯ ಗಾಂಭೀರ್ಯ. ಆರರಲ್ಲಿ ಎರಡು ತಾವಾಗಿ ಜೊತೆಯಾದವು. ಆ ಸಂಜೆಯೇ ಚಂದ್ರಕಾಂತ ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ, "ಇನ್ನೊಂದು ತಿಂಗಳಿಗೆ ಮರಿ ಕೊಡ್ತೀನಿ, ಒಂದು ಟ್ಯಾಂಕ್ ತಂದಿಟ್ಕೊಳ್ಳಿ" ಎಂದು ಸಾರಿದ. ಪಾಪ, ಮೂರು ಮನೆಯವರು ತಂದೂ ಇಟ್ಟರು.

ಮೀನು ಮೊಟ್ಟೆಯನ್ನೇನೋ ಇಟ್ಟಿತು. ಮಾರನೆಯ ಬೆಳಿಗ್ಗೆ ಅಪ್ಪ ಅಮ್ಮ ಸೇರಿ ಒಂದನ್ನೂ ಬಿಡದೆ ತಿಂದುಬಿಟ್ಟವು. ಎರಡನೆಯ ಸಲವೂ ಅಷ್ಟೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಚಂದ್ರಕಾಂತ ಇದಕ್ಕೂ ಒಂದು ಫೈಲು ತೆರೆದಿದ್ದ, ನಾನೇ ಕಣ್ಣಾರೆ ಓದಿದ್ದೇನೆ: "ಬೆಳಿಗ್ಗೆ ಏಳು ಗಂಟೆ, ಮೊಟ್ಟೆ ಇವೆ. ಏಳೂಮುಕ್ಕಾಲು, ಮೊಟ್ಟೆ ಇಲ್ಲ. ಅವಗಾಹನೆಗಾಗಿ." ಕೆಳಗೆ ಸಹಿ, ತಾರೀಖು.

ಮರಿ ಬರಲಿಲ್ಲವಾದರೂ ನೀರು ಮಾತ್ರ ಧಾರಾಳವಾಗಿ ಹರಿಯಿತು. ಪ್ರತಿ ಭಾನುವಾರ ಟ್ಯಾಂಕಿನ ನೀರು ಬದಲಿಸುವಾಗ ಅರ್ಧ ಬಕೆಟ್ಟಾದರೂ ನೆಲಕ್ಕೆ ಬೀಳುತ್ತಿತ್ತು, ನೆಲದಿಂದ ಕೆಳಗಿನ ಮನೆಯ ಭಾಟಿಯಾರ ಸೀಲಿಂಗಿಗೆ ಇಳಿಯುತ್ತಿತ್ತು. ಭಾಟಿಯಾ ದೂರಿದರು, ಜಗಳವಾಡಿದರು, ಕೊನೆಗೆ ಸೊಸೈಟಿಯ ಸೆಕ್ರೆಟರಿ ಸ್ಥಾನಕ್ಕೆ ನಿಂತರು. ಅವರ ಪ್ರಣಾಳಿಕೆಯಲ್ಲಿ ಇದ್ದದ್ದು ಒಂದೇ ವಾಕ್ಯ: ಯಾವ ಫ್ಲ್ಯಾಟಿನಲ್ಲೂ ಬಕೆಟ್ಟಿಗಿಂತ ದೊಡ್ಡ ಅಕ್ವೇರಿಯಂ ಇರಕೂಡದು.

ಅವರೆದುರು ನಿಂತವರು ಚಂದ್ರಕಾಂತನ ಹೆಂಡತಿ ರತ್ನಾ. ಮೀನಿಗಾಗಿ ನಿಂತದ್ದಲ್ಲ, ಅದನ್ನು ಸ್ಪಷ್ಟಪಡಿಸಬೇಕು. ಆ ಮೀನುಗಳ ಮುಖ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಜೂನಿನಲ್ಲಿ ನಲ್ಲಿ ಒಣಗಿ ಹನ್ನೊಂದು ದಿನ ಟ್ಯಾಂಕರ್ ಬಂದಾಗ, ಗೇಟಿನಲ್ಲಿ ನಿಂತು ಅರವತ್ತು ಮನೆಗೂ ಸಮನಾಗಿ ನೀರು ಹಂಚಿಸಿದವರು ರತ್ನಾ. ಅಂದಿನಿಂದ ಹೆಂಗಸರೆಲ್ಲ ಅವರ ಕಡೆ. ಲಿಫ್ಟು ರಿಪೇರಿ ಮಾಡಿಸ್ತೀನಿ, ಚೌಕಿದಾರರಿಗೆ ಒಂದು ಟಾಯ್ಲೆಟ್ ಕಟ್ಟಿಸ್ತೀನಿ ಎಂದು ಮನೆಮನೆಗೆ ಹೋದರು. ದಿಲ್ಲಿಗೆ ಬಂದಾಗಿನಿಂದ "ಚಂದರ್‌ಜಿ ಕಿ ಮಿಸೆಸ್" ಎಂದೇ ಕರೆಸಿಕೊಂಡಿದ್ದ ಹೆಂಗಸು ಮೊದಲ ಸಲ ತನ್ನ ಹೆಸರಿನ ಪೋಸ್ಟರನ್ನು ಲಿಫ್ಟಿನ ಬಾಗಿಲಿಗೆ ಅಂಟಿಸಿ ಎರಡು ನಿಮಿಷ ಅಲ್ಲೇ ನಿಂತಿದ್ದರು. ನನಗೆ ಅದನ್ನು ನೋಡಿ ನಿಜವಾಗಿಯೂ ಸಂತೋಷವಾಯಿತು. ಈ ಸಲ ಇವರು ಗೆಲ್ಲಬೇಕು ಅಂದುಕೊಂಡೆ.

ಅನಾಹುತ ಶುರುವಾದದ್ದು ಜನರಲ್ ಬಾಡಿ ಮೀಟಿಂಗಿನಲ್ಲಿ. ಹಿಂದಿನ ಚುನಾವಣೆಯಲ್ಲಿ ಯಾರೋ ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಒಂದು, ಮಧ್ಯಾಹ್ನ ಶಾಲು ಹೊದ್ದು ಇನ್ನೊಂದು ವೋಟು ಹಾಕಿದ್ದರು. ಈ ಸಲ ಬೆರಳಿಗೆ ಶಾಯಿ ಹಚ್ಚಬೇಕು ಎಂದು ಭಾಟಿಯಾ ಹಟ ಹಿಡಿದರು. ರಿಟರ್ನಿಂಗ್ ಆಫೀಸರ್ ಮಿತ್ತಲ್ ಸಾಹೇಬರು, ಆಡಿಟ್ ಇಲಾಖೆಯಿಂದ ನಿವೃತ್ತರಾದವರು, ಕನ್ನಡಕದ ಮೇಲಿನಿಂದ ನೋಡಿ ಕೇಳಿದರು: "ಆ ಶಾಯಿ ತರೋದು ಯಾರು?"

ಕೈ ಎದ್ದಿತು.

"ಮಿತ್ತಲ್ ಸಾಬ್, ಇಡೀ ದೇಶದ ವೋಟಿನ ಶಾಯಿ ತಯಾರಾಗೋದು ನಮ್ಮ ಮೈಸೂರಿನಲ್ಲಿ. ಮೇರಾ ಶಹರ್. ಒಂದು ಫೋನ್ ಮಾಡಿದ್ರೆ ಸಾಕು."

ಚಂದ್ರಕಾಂತನ ಊರು ಚಿಂತಾಮಣಿ. ಆದರೆ ದಿಲ್ಲಿಯಲ್ಲಿ ಹತ್ತು ವರ್ಷ ಕಳೆದ ಮೇಲೆ ಕನ್ನಡಿಗರೆಲ್ಲರೂ ಮೈಸೂರಿನವರೇ ಆಗಿಬಿಡುತ್ತಾರೆ, ಅದಿರಲಿ. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ಗುಂಗಿನಲ್ಲೇ ಅವನು ಚುನಾವಣಾ ನಿಯಮಗಳನ್ನು ಬರೆದುಕೊಡುವ ಕೆಲಸವನ್ನೂ ಒಪ್ಪಿಕೊಂಡ. ಮಾರನೆಯ ದಿನ ಒಂಬತ್ತು ನಿಯಮಗಳು ನೋಟಿಸ್ ಬೋರ್ಡಿಗೆ ಬಂದವು. ನಾಲ್ಕನೆಯದು: ಬೆರಳಿನಲ್ಲಿ ನೀಲಿ ಗುರುತಿರುವ ಯಾವ ವ್ಯಕ್ತಿಗೂ ಯಾವ ಕಾರಣಕ್ಕೂ ಮತಪತ್ರ ಕೊಡತಕ್ಕದ್ದಲ್ಲ. ಏಳನೆಯದು: ಮತಪತ್ರದ ಮೇಲೆ ಟಿಕ್ ಗುರುತಲ್ಲದೆ ಬೇರೇನಿದ್ದರೂ ಅದು ಅಸಿಂಧು. ಕರಡು ಬರೆಯುವುದರಲ್ಲಿ ನಮ್ಮ ಸೆಕ್ಷನ್ನಿನಲ್ಲೇ ಅವನಿಗೆ ಸಾಟಿಯಿಲ್ಲ, ಒಪ್ಪಬೇಕಾದ ಮಾತು.

ಶಾಯಿಗಾಗಿ ಅವನು ಮೈಸೂರಿನಲ್ಲಿರುವ ತನ್ನ ಷಡ್ಡಕ ತಿಪ್ಪೇಸ್ವಾಮಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ತಿಪ್ಪೇಸ್ವಾಮಿ ನಕ್ಕ ನಗು ನನಗೂ ಕೇಳಿಸಿತು. "ಅದೇನು ನಂಜನಗೂಡು ಹಲ್ಲುಪುಡಿ ಅಂದ್ಕೊಂಡ್ರಾ ಭಾವ? ಅಂಗಡೀಲಿ ಮಾರೋಲ್ಲ. ಚುನಾವಣೆ ನಡೆಸೋ ಸರ್ಕಾರಕ್ಕೆ ಮಾತ್ರ ಕೊಡೋದು."

"ಹೋಗಿ ಮಿತ್ತಲ್‌ಗೆ ಹೇಳಿಬಿಡೋ. ಸಿಗಲಿಲ್ಲ ಅಂದ್ರೆ ಯಾರೂ ನೇಣಿಗೆ ಹಾಕೋಲ್ಲ" ಎಂದೆ.

"ಹೇಳ್ತೀನಿ" ಎಂದ. ಅವನು ಹೇಳಲಿಲ್ಲ.

ಚುನಾವಣೆ ಇದ್ದದ್ದು ಭಾನುವಾರ. ಗುರುವಾರ ಸಂಜೆ ಮೀನು ಮೂರನೆಯ ಸಲ ಮೊಟ್ಟೆ ಇಟ್ಟಿತು. ಏಂಜೆಲ್ ಮೀನಿಗೆ ಮೊಟ್ಟೆ ಅಂಟಿಸಲು ನೆಟ್ಟಗೆ ನಿಂತ ನುಣುಪಾದ ಹಲಗೆ ಬೇಕು. ಮಗಳು ಧನ್ಯಾ ಚಿಕ್ಕವಳಿದ್ದಾಗ ಕನ್ನಡ ಕಲಿಯಲೆಂದು ಊರಿನಿಂದ ತಂದ ಸ್ಲೇಟನ್ನೇ ಅವನು ಟ್ಯಾಂಕಿನಲ್ಲಿ ನಿಲ್ಲಿಸಿದ್ದ. ಅವಳು "ಈ"ವರೆಗೆ ತಿದ್ದಿ ಬಿಟ್ಟಿದ್ದಳು. ಈಗ ಅದರ ಮೇಲೆ ಸಾಲುಸಾಲಾಗಿ ಮುನ್ನೂರು ಮೊಟ್ಟೆ, ಒಂದೊಂದೂ ಸಾಸಿವೆಗಿಂತ ಚಿಕ್ಕದು. ಕರೋಲ್ ಬಾಗಿನ ಅಂಗಡಿಯ ಭಯ್ಯಾ ಈ ಸಲ ದಾರಿ ಹೇಳಿಕೊಟ್ಟಿದ್ದ: ಇಟ್ಟ ಕೂಡಲೇ ಸ್ಲೇಟನ್ನು ಬೇರೆ ಟಬ್ಬಿಗೆ ಹಾಕು, ಬೂಷ್ಟು ಹಿಡಿಯದ ಹಾಗೆ ನೀಲಿ ಔಷಧ ಬಿಡು, ಬೆಳ್ಳಗಾದ ಮೊಟ್ಟೆ ಕೆಟ್ಟದ್ದು, ಅದನ್ನು ಆರಿಸಿ ತೆಗೆ, ಮೂರು ದಿನ ಕಾದು ನೋಡು.

ಶನಿವಾರ ಸಂಜೆ ನಾನು ಅವರ ಮನೆಗೆ ಹೋದಾಗ ರತ್ನಾ ಪ್ರಚಾರಕ್ಕೆ ಹೋಗಿದ್ದರು. ಅವರ ಹಪ್ಪಳದ ಹಿಟ್ಟಿನ ಟಬ್ಬು ಊಟದ ಮೇಜಿನ ಮೇಲಿತ್ತು, ತುಂಬ ನೀಲಿ ನೀರು. ಚಂದ್ರಕಾಂತ ಅದೇ ಔಷಧದ ಶೀಷೆಯಿಂದ ಒಂದು ಹೋಮಿಯೋಪತಿ ಬಾಟಲಿಗೆ ತುಂಬುತ್ತಿದ್ದ. ಬಾಟಲಿಯ ಮೇಲೆ ಚೀಟಿ ಅಂಟಿಸಿ ಕನ್ನಡದಲ್ಲಿ "ಮೈಸೂರು" ಎಂದು ಬರೆದ. ಕೆಳಗೆ ಸಹಿ, ತಾರೀಖು.

"ಏನೋ ಇದು?"

"ನೀಲಿ ನೀಲಿನೇ ಕಣೋ. ಚರ್ಮಕ್ಕೆ ಹತ್ತಿದ್ರೆ ಎರಡು ದಿನ ಹೋಗಲ್ಲ. ನಾಲ್ಕು ಗಂಟೆ ಇದ್ರೆ ಸಾಕಲ್ಲ."

"ಗೊತ್ತಾದ್ರೆ?"

"ನೀನು ಹೇಳಿದ್ರೆ ತಾನೇ ಗೊತ್ತಾಗೋದು?"

ನಾನು ಹೇಳಬೇಕಿತ್ತು. ಹೇಳಲಿಲ್ಲ. ಆ ಪಾಪದಲ್ಲಿ ನನಗೂ ಪಾಲಿದೆ, ಅದಕ್ಕೇ ಇಷ್ಟು ಸಿಟ್ಟು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಮ್ಯುನಿಟಿ ಹಾಲಿನಲ್ಲಿ ಮತದಾನ ಶುರುವಾಯಿತು. ನಾನು ರತ್ನಾರ ಏಜೆಂಟಾಗಿ ಕೂತಿದ್ದೆ. ಮಿತ್ತಲ್ ಸಾಹೇಬರು ಬಾಟಲಿಯನ್ನು ಬೆಳಕಿಗೆ ಹಿಡಿದು "ವಾಹ್, ಮೈಸೂರ್" ಎಂದರು. ವೋಟು ಹಾಕಿದವರೆಲ್ಲ ನೀಲಿ ಬೆರಳಿನ ಫೋಟೋ ತೆಗೆದು ಸೊಸೈಟಿಯ ಗ್ರೂಪಿಗೆ ಹಾಕಿದರು. ಭಾಟಿಯಾ ಬೆರಳನ್ನು ಮೂಸಿ, "ಏನೋ ಮೀನಿನಂಗಡಿ ವಾಸನೆ" ಎಂದಾಗ ನಾನು ಮೇಜಿನ ಕೆಳಗೆ ಬಿದ್ದಿರದ ಪೆನ್ನನ್ನು ಹುಡುಕಿದೆ.

ಒಂದೂವರೆಯಾದರೂ ಚಂದ್ರಕಾಂತನ ಸುಳಿವಿಲ್ಲ. ಎರಡಕ್ಕೆ ಮುಗಿಯಬೇಕು. ರತ್ನಾ ಬಾಗಿಲ ಕಡೆ ನೋಡುತ್ತಾ, "ಸೋಮಶೇಖರ್ ಅವರೇ, ಸ್ವಲ್ಪ ಕರ್ಕೊಂಡ್ಬನ್ನಿ" ಎಂದರು. ನಾಲ್ಕು ಮಹಡಿ ಹತ್ತಿದೆ, ಲಿಫ್ಟು ಎಂದಿನಂತೆ ಕೆಟ್ಟಿತ್ತು.

ಅವನು ಟಬ್ಬಿಗೆ ಬಾಗಿ ಚಿಮಟದಿಂದ ಬಿಳಿ ಮೊಟ್ಟೆ ಆರಿಸುತ್ತಿದ್ದ. "ಬಂದೆ, ಬಂದೆ. ಒಂದೇ ಒಂದು ಹನಿ ಬಿಟ್ಟು ಬಂದೆ" ಎಂದು ಶೀಷೆ ಎತ್ತಿದ. ಅದರ ಮುಚ್ಚಳವನ್ನು ಅವನು ಹಿಂದಿನ ಸಂಜೆಯೇ ಸರಿಯಾಗಿ ಹಾಕಿರಲಿಲ್ಲ. ಉಳಿದ ಔಷಧವೆಲ್ಲ ಬಲಗೈ ಮೇಲೆ ಸುರಿಯಿತು. ಅದನ್ನು ಎಡಗೈಯಿಂದ ಒರೆಸಿದ. ಸೋಪು, ನಿಂಬೆಹಣ್ಣು, ಪಾತ್ರೆ ತಿಕ್ಕುವ ಪುಡಿ ಎಲ್ಲ ಆಯಿತು. ಎಷ್ಟು ತಿಕ್ಕಿದರೂ ಎರಡೂ ಕೈ ಮಣಿಕಟ್ಟಿನವರೆಗೆ ಅಚ್ಚ ನೀಲಿ. ಧನ್ಯಾ ಸೋಫಾದ ಮೇಲಿಂದ ತಲೆಯೆತ್ತದೆ, "ಪಪ್ಪಾ, ಆಪ್ ತೋ ಗಯೇ, ನಿಮ್ಮ ಕಥೆ ಮುಗೀತು" ಎಂದಳು.

ಎರಡಕ್ಕೆ ಐದು ನಿಮಿಷವಿರುವಾಗ ಹಾಲಿಗೆ ಬಂದೆವು. ಮಿತ್ತಲ್ ಸಾಹೇಬರು ಪಟ್ಟಿ ನೋಡಿದರು, ಅವನ ಹೆಸರಿನ ಮುಂದೆ ಗುರುತಿರಲಿಲ್ಲ. ಕೈ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಚಂದರ್‌ಜಿ, ಶಾಯಿ ಹಚ್ಚೋದಕ್ಕೆ ನನಗೊಂದು ಖಾಲಿ ಬೆರಳು ತೋರಿಸಿ."

ಖಾಲಿ ಬೆರಳಿರಲಿಲ್ಲ.

"ಕಳೆದ ಸಲ ಯಾರೋ ಎರಡು ಹಾಕಿದ್ರು" ಭಾಟಿಯಾ ಎದ್ದು ನಿಂತರು. "ಈ ಮಹಾಶಯ ಹತ್ತು ಹಾಕಿದ್ದಾರೆ. ಎಣಿಸ್ಕೊಳ್ಳಿ."

"ಪೆನ್ನು ಲೀಕ್ ಆಯ್ತು" ಎಂದ ಚಂದ್ರಕಾಂತ.

"ಎರಡೂ ಕೈಯಲ್ಲಿ ಬರೀತೀರಾ?"

ಅವನು ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ. ಇದು ಮೀನಿನ ಔಷಧ ಅಂದರೆ, ಎಲ್ಲರ ಬೆರಳಿನಲ್ಲಿರುವುದೂ ಅದೇ ಎಂದು ಬಯಲಾಗುತ್ತದೆ, ಚುನಾವಣೆಯೇ ರದ್ದಾಗಬಹುದು. ಹೇಳದಿದ್ದರೆ ವೋಟಿಲ್ಲ. ಮಿತ್ತಲ್ ಸಾಹೇಬರು ನೋಟಿಸ್ ಬೋರ್ಡಿನಿಂದ ನಾಲ್ಕನೆಯ ನಿಯಮವನ್ನು ಗಟ್ಟಿಯಾಗಿ ಓದಿದರು. "ಯಾವ ಕಾರಣಕ್ಕೂ ಕೊಡತಕ್ಕದ್ದಲ್ಲ. ಬಹುತ್ ಪಕ್ಕಾ ಡ್ರಾಫ್ಟಿಂಗ್, ಚಂದರ್‌ಜಿ. ಒಂದು ಸಂದೂ ಬಿಟ್ಟಿಲ್ಲ." ಅವರು ನಿಜವಾಗಿಯೂ ಮೆಚ್ಚಿ ಹೇಳಿದ್ದು.

ಎಣಿಕೆ ಅರ್ಧ ಗಂಟೆಯಲ್ಲಿ ಮುಗಿಯಿತು. ಭಾಟಿಯಾ ನಲವತ್ತೇಳು. ರತ್ನಾ ನಲವತ್ತೇಳು.

ಹಾಲಿನಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿ ಚಂದ್ರಕಾಂತನನ್ನು ನೋಡಿದರು. ಅವನು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಗೋಡೆಗೆ ಒರಗಿದ್ದ. ರತ್ನಾ ಕೂಗಲಿಲ್ಲ. ಹತ್ತಿರ ಹೋಗಿ ಕನ್ನಡದಲ್ಲಿ ಮೆಲ್ಲಗೆ ಕೇಳಿದರು: "ರೀ, ಏನ್ ಮಾಡ್ಕೊಂಡ್ರಿ? ನಿಜ ಹೇಳಿ."

ಅವನು ಬೆನ್ನ ಹಿಂದಿನ ಕೈಗಳನ್ನು ಮುಂದೆ ತಂದ. ಎರಡು ಸಲ ಗಂಟಲು ಸರಿಪಡಿಸಿಕೊಂಡು, ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಹೇಳಿಬಿಟ್ಟ. ಶಾಯಿ ಮೈಸೂರಿನದಲ್ಲ, ಕರೋಲ್ ಬಾಗಿನದು. ಶಾಯಿಯೂ ಅಲ್ಲ, ಮೀನಿನ ಮೊಟ್ಟೆಯ ಔಷಧ. ಕೈಯಲ್ಲಿರುವುದೂ ಅದೇ. ನಾನು ಮೈಸೂರಿನವನೂ ಅಲ್ಲ.

ಕೊನೆಯದನ್ನು ಯಾರೂ ಕೇಳಿರಲಿಲ್ಲ.

ಗದ್ದಲವೋ ಗದ್ದಲ. ತೊಂಬತ್ತನಾಲ್ಕು ಜನ ತಂತಮ್ಮ ಬೆರಳು ಮೂಸಿ ನೋಡಿದರು. ಒಬ್ಬಾಕೆ ಈ ಬೆರಳಿನಲ್ಲೇ ಪ್ರಸಾದ ತಿಂದೆ ಎಂದು ಅಲ್ಲೇ ಕುಸಿದು ಕೂತರು. "ಚುನಾವಣೆ ರದ್ದು" ಎಂದರು ಭಾಟಿಯಾ. ಮಿತ್ತಲ್ ಸಾಹೇಬರು ಕೈಯೆತ್ತಿ, "ಸಾಕ್ಷ್ಯ ನೋಡದೆ ಆಡಿಟ್ ಯಾವುದನ್ನೂ ಒಪ್ಪೋದಿಲ್ಲ. ಚಲೋ, ಮೇಲೆ" ಎಂದರು.

ಮತಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಮಿತ್ತಲ್ ಸಾಹೇಬರು ಮುಂದೆ, ಏದುಸಿರು ಬಿಡುತ್ತಾ ಇಡೀ ಸೊಸೈಟಿ ಹಿಂದೆ. ಹತ್ತುವಾಗ ಎಲ್ಲರೂ ಲಿಫ್ಟಿಗೆ ಶಾಪ ಹಾಕಿದರು. ಪ್ರಚಾರದ ಅವಧಿ ಮುಗಿದಿತ್ತು, ಇಲ್ಲವಾದರೆ ರತ್ನಾರಿಗೆ ಅಷ್ಟೇ ಸಾಕಿತ್ತು. ಬಾಗಿಲು ತೆರೆದ ಧನ್ಯಾ ಇಷ್ಟು ಜನರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, "ಪಪ್ಪಾ, ಮರಿ ನಿಕಲ್ ಆಯೇ! ಮೊಟ್ಟೆ ಎಲ್ಲಾ ಹಿಲ್ ರಹೇ ಹೈಂ, ಬೇಗ ಬನ್ನಿ" ಎಂದಳು.

ಟಬ್ಬಿನ ಸುತ್ತ ನೂಕುನುಗ್ಗಲಾಯಿತು, ಆಮೇಲೆ ತಾನಾಗಿ ಸದ್ದಡಗಿತು. ಸ್ಲೇಟಿನ ಮೇಲೆ ಒಂದೊಂದು ಚುಕ್ಕೆಗೂ ಕೂದಲೆಳೆಯಂಥ ಬಾಲ ಬಂದಿತ್ತು. ತಲೆ ಅಂಟಿಕೊಂಡೇ ಇದೆ, ಬಾಲ ಮಾತ್ರ ಪಟಪಟ ಆಡುತ್ತಿದೆ, ಇನ್ನೂರಕ್ಕೂ ಹೆಚ್ಚು. ಎರಡು ವರ್ಷ, ಮೂರು ಸರದಿ, ಒಂದು ಫೈಲು, ಕೊನೆಗೂ ಇದು. ಚಂದ್ರಕಾಂತ ಬಾಯಿ ತೆರೆದುಕೊಂಡು ನಿಂತಿದ್ದ. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲು ಹೋಗಿ ಕೆನ್ನೆಯೂ ನೀಲಿಯಾಯಿತು.

"ಇಷ್ಟೂ ಜೀವಂತವಾ?" ಎಂದು ಕೇಳಿದ ಧ್ವನಿ ಭಾಟಿಯಾರದು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮಿತ್ತಲ್ ಸಾಹೇಬರು ಟಬ್ಬಿನಲ್ಲಿ ಬೆರಳದ್ದಿ, ಶಾಯಿಯ ಗುರುತಿನ ಪಕ್ಕ ಹಿಡಿದು ನೋಡಿ ತೀರ್ಪು ಕೊಟ್ಟರು. ಬಣ್ಣ ಒಂದೇ. ಹಚ್ಚಿದ್ದು ಎಲ್ಲರಿಗೂ ಒಂದೇ. ಪಟ್ಟಿಯ ಪ್ರಕಾರ ಯಾರೂ ಎರಡು ಸಲ ಹಾಕಿಲ್ಲ, ಆದ್ದರಿಂದ ಚುನಾವಣೆ ಊರ್ಜಿತ. ಚಂದರ್‌ಜಿ ಎರಡರೊಳಗೆ ಬಂದಿದ್ದರು, ಅವರ ಕೈಯಲ್ಲಿರುವುದು ಮೀನಿನ ಕೆಲಸದ ಬಣ್ಣ, ವೋಟಿನದಲ್ಲ, ಆದ್ದರಿಂದ ನಾಲ್ಕನೆಯ ನಿಯಮ ಅದಕ್ಕೆ ತಾಗದು. ಅವರಿಗೊಂದು ಮತಪತ್ರ ಕೊಡತಕ್ಕದ್ದು. ಭಾಟಿಯಾ ಟಬ್ಬಿನಿಂದ ಕಣ್ಣು ತೆಗೆಯದೆ, "ಕೊಡಿ, ಕೊಡಿ" ಎಂದರು.

ಗೋಪ್ಯ ಮತದಾನಕ್ಕೆ ಲೋಪ ಬರಬಾರದೆಂದು ಮಿತ್ತಲ್ ಸಾಹೇಬರು ಅವನನ್ನು ಅಡುಗೆಮನೆಗೆ ಕಳಿಸಿ ಬಾಗಿಲಿಗೆ ಬೆಡ್‌ಶೀಟ್ ಕಟ್ಟಿಸಿದರು. ಅವನು ಮಡಿಸಿ ತಂದ ಚೀಟಿಯನ್ನು ಖಾಲಿ ಪೆಟ್ಟಿಗೆಗೆ ಹಾಕಿಸಿ, ಬೀಗ ಹಾಕಿ, ಯಾರ ವೋಟು ಯಾವುದೆಂದು ಗೊತ್ತಾಗದಿರಲಿ ಎಂದು ಪೆಟ್ಟಿಗೆಯನ್ನು ಚೆನ್ನಾಗಿ ಕುಲುಕಿದರು. ಒಳಗೆ ಆ ಒಂದೇ ಚೀಟಿ ಟಕಟಕ ಎಂದಿತು. ಬೀಗ ತೆಗೆದು, ಬಿಡಿಸಿ, ಎತ್ತಿ ಹಿಡಿದರು.

ರತ್ನಾರ ಹೆಸರಿನ ಮುಂದೆ ದೊಡ್ಡ ಟಿಕ್. ಹೆಂಗಸರ ಕಡೆಯಿಂದ ಚಪ್ಪಾಳೆ ಶುರುವಾಯಿತು. ಮಿತ್ತಲ್ ಸಾಹೇಬರು ಮಾತ್ರ ಚೀಟಿಯನ್ನು ಕೆಳಗಿಳಿಸಲಿಲ್ಲ. ಕಣ್ಣಿನ ಹತ್ತಿರ ತಂದುಕೊಂಡರು.

ಮೂಲೆಯಲ್ಲಿ "ಚಂ.ಕಾ." ಕೆಳಗೆ ತಾರೀಖು.

"ನಿಯಮ ಏಳು" ಎಂದರು ಮಿತ್ತಲ್ ಸಾಹೇಬರು, ದುಃಖದಿಂದ. "ಅಸಿಂಧು."

ಭಾಟಿಯಾರೂ ನಗಲಿಲ್ಲ. ಚಂದ್ರಕಾಂತ ತನ್ನ ಕೈಯನ್ನೇ ನೋಡುತ್ತಿದ್ದ, ಅದು ಇನ್ಯಾರದೋ ಎಂಬಂತೆ. ನನಗೆ ಅವನ ಬೆನ್ನಿಗೆ ಎರಡು ಗುದ್ದಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು, ಎರಡನ್ನೂ ಮಾಡಲಿಲ್ಲ. ರತ್ನಾ ಕುರ್ಚಿ ಎಳೆದುಕೊಂಡು ಕೂತರು.

"ಮನೆಮನೆ ಬಾಗಿಲು ತಟ್ಟಿ ಕೈ ಮುಗಿದು, ಹೇಗೆ ವೋಟು ಹಾಕಬೇಕು ಅಂತ ಹೇಳಿಕೊಟ್ಟು ಬಂದೆ. ಒಂದೇ ಒಂದು ಮನೆ ಬಿಟ್ಟಿದ್ದೆ. ನಂದು."

 

ಕೊನೆಗೆ ಚೀಟಿ ಎತ್ತುವುದೆಂದಾಯಿತು. ಮೀನಿನ ಆಹಾರದ ಖಾಲಿ ಡಬ್ಬಿಯಲ್ಲಿ ಎರಡು ಹೆಸರು ಹಾಕಿ ಮಿತ್ತಲ್ ಸಾಹೇಬರು ಕಣ್ಣು ಮುಚ್ಚಿ ಒಂದನ್ನು ತೆಗೆದರು. ಬಿಚ್ಚಿದರು. ಎಲ್ಲರಿಗಿಂತ ಮೊದಲು ಅವರ ಭುಜದ ಮೇಲಿನಿಂದ ಓದಿದ ಭಾಟಿಯಾ, ಕೈ ಜೋಡಿಸಿ, "ಬಧಾಯಿ ಹೋ, ರತ್ನಾಜಿ" ಎಂದರು. ಮಿಸೆಸ್ ಅನ್ನಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಚಂದ್ರಕಾಂತನಿಗೆ ಮೆಲ್ಲಗೆ, "ನಾಲ್ಕು ಮರಿ ನಂಗೂ ಇರಲಿ" ಎಂದದ್ದು ನನ್ನ ಕಿವಿಗೂ ಬಿತ್ತು.

ಬುಧವಾರ ಸಂಜೆ ನಾನು ಅಲ್ಲಿ ಚಹಾ ಕುಡಿಯುತ್ತಿದ್ದಾಗ ಚೌಕಿದಾರ ಹೊಸ ಸೆಕ್ರೆಟರಿಯ ಮೊದಲ ನೋಟಿಸು ತಂದ. ಮನೆ ನಂಬರ್ 402ರ ನಿವಾಸಿಗೆ. ಅಕ್ವೇರಿಯಂ ನೀರು ಸೋರಿ ಕೆಳಗಿನ ಮನೆಯ ಸೀಲಿಂಗಿಗೆ ಹಾನಿಯಾಗಿದ್ದು, ಸದರಿ ನಿವಾಸಿಯು ಸ್ವಂತ ಖರ್ಚಿನಲ್ಲಿ ಅದನ್ನು ಸರಿಪಡಿಸತಕ್ಕದ್ದು, ಮರಿಗಳು ಈಜಲು ಕಲಿತ ಹದಿನೈದು ದಿನದೊಳಗೆ ಹಪ್ಪಳದ ಟಬ್ಬನ್ನು ಮಾಲೀಕರಿಗೆ ಹಿಂತಿರುಗಿಸತಕ್ಕದ್ದು. ಸಹಿ, ರತ್ನಾ, ಸೆಕ್ರೆಟರಿ.

ಚಂದ್ರಕಾಂತ ಎರಡು ಸಲ ಓದಿದ. "ಡ್ರಾಫ್ಟಿಂಗ್ ಚೆನ್ನಾಗಿದೆ" ಎಂದ. ಇನ್ನೂ ಪೂರ್ತಿ ಬಣ್ಣ ಬಿಡದ ಕೈಯಿಂದ ಪೆನ್ನು ತೆಗೆದು, ಕೆಳಗೆ "ನೋಡಿದೆ" ಎಂದು ಬರೆದ.

ಅಡುಗೆಮನೆಯಿಂದ ಸೆಕ್ರೆಟರಿಯ ಧ್ವನಿ ಬಂತು. "ಸಹಿ ಹಾಕಿದ್ರಾ?"

"ಹಾಕಿದೆ."

"ತಾರೀಖು?"

"ಹಾಕಿದೆ."

"ಸದ್ಯ, ಇದಾದ್ರೂ ಸಿಂಧು ಆಯ್ತಲ್ಲ."